ಮಾಂಬಲದ ಮನೆಗೆ ಮರಳಿದ ಕನ್ನಡ

ಆಂಟೆನಾ, ಕೇಬಲ್, ಡಿಟಿಎಚ್ ಕಾಲದಲ್ಲಿ ಚೆನ್ನೈ ಕನ್ನಡಿಗರ ಮನೆಗೆ ಸರಿಯಾಗಿ ಬಾರದ ಕನ್ನಡ, ಅಂತರ್ಜಾಲದ ವಿಡಿಯೊ ಹಿಡಿದು ಬಂದಿದೆ. ಬಂದದ್ದು ಉಳಿಯುವುದು ಹೇಗೆ?

ಚೆನ್ನೈನ ಪಶ್ಚಿಮ ಮಾಂಬಲದಲ್ಲಿರುವ ನಮ್ಮ ಸೋದರತ್ತೆಯ ಮನೆಯ ಮೆಟ್ಟಿಲು ಹತ್ತುವಾಗ ಈಗೀಗ ಮೊದಲು ಕಿವಿಗೆ ಬೀಳುವುದು ಚೆಂಡೆಯ ಪೆಟ್ಟು. ಕೆಳಗೆ ಹೂವಿನವಳ ಕೂಗು, ಆಚೆ ಲೋಕಲ್ ರೈಲಿನ ಸದ್ದು, ಪಕ್ಕದ ಮನೆಯ ತಮಿಳು ಧಾರಾವಾಹಿಯ ಅಳು. ಇವೆಲ್ಲವನ್ನೂ ಸೀಳಿಕೊಂಡು ಎರಡನೇ ಮಹಡಿಯಿಂದ ಬಡಗುತಿಟ್ಟು ಯಕ್ಷಗಾನದ ಚೆಂಡೆ ಇಳಿದು ಬರುತ್ತದೆ. ಅತ್ತೆಗೆ ಈಗ ಎಪ್ಪತ್ತೆಂಟು. ಮದುವೆಯಾಗಿ ಕುಂದಾಪುರದ ಕಡೆಯಿಂದ ಮದರಾಸಿಗೆ ಬಂದದ್ದು 1968ರಲ್ಲಿ. ಮಾವ ಇಲ್ಲಿನ ಉಡುಪಿ ಹೋಟೆಲೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು.

ಕಳೆದ ಸಲ ಹೋದಾಗ ಅತ್ತೆ ಮೊರದ ತುಂಬ ನುಗ್ಗೆಸೊಪ್ಪು ಹರಡಿಕೊಂಡು ಕೂತಿದ್ದರು. "ಬಾ ಮಗಾ, ಕೂತ್ಕೋ" ಎಂದವರೇ ರಿಮೋಟ್ ಎತ್ತಿ, ಮೈಕಿನ ಗುಂಡಿ ಒತ್ತಿ, ಟ್ರಂಕ್ ಕಾಲ್ ಮಾಡುವವರಂತೆ ಗಟ್ಟಿಯಾಗಿ ಹೇಳಿದರು: "ಚಿಟ್ಟಾಣಿ ಭಸ್ಮಾಸುರ." ಟಿ.ವಿ.ಗೆ ಮೊದಲ ಸಲ ತಿಳಿಯಲಿಲ್ಲ, ಯಾವುದೋ ಹಳೆಯ ಪೌರಾಣಿಕ ಚಿತ್ರ ತೋರಿಸಿತು. ಅತ್ತೆ ಬಿಡಲಿಲ್ಲ. "ಯಕ್ಷಗಾನ" ಎಂಬ ಮಾತು ಸೇರಿಸಿ ಇನ್ನೊಮ್ಮೆ ಹೇಳಿದರು. ಪರದೆಯ ಮೇಲೆ ಸಾಲುಸಾಲು ಚೌಕಗಳು ಮೂಡಿದವು. ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ತೀರಿಕೊಂಡದ್ದು 2017ರಲ್ಲಿ. ಆ ಸಂಜೆ ಅವರ ಭಸ್ಮಾಸುರ ಮಾಂಬಲದ ಹಾಲ್‌ನಲ್ಲಿ ಹೆಜ್ಜೆ ಹಾಕಿದ. ಅತ್ತೆಯ ಬೆರಳು ಸೊಪ್ಪು ಬಿಡಿಸುತ್ತಿತ್ತು, ತಲೆ ತಾಳಕ್ಕೆ ತೂಗುತ್ತಿತ್ತು.

"ಊರಲ್ಲಿ ಗದ್ದೆಯಲ್ಲಿ ಚಾಪೆ ಹಾಸ್ಕೊಂಡು ಬೆಳಗಾಗುವವರೆಗೆ ಆಟ ನೋಡ್ತಿದ್ವಿ. ಇಲ್ಲಿಗೆ ಬಂದು ಐವತ್ತು ವರ್ಷ ಚೆಂಡೆಯ ಶಬ್ದವೇ ಇರಲಿಲ್ಲ. ಈಗ ಕೇಳಿದಾಗ ಬರ್ತದೆ ನೋಡು" ಎಂದರು.

ಕೇಳಿದಾಗ ಬರುತ್ತದೆ. ಮನೆಯ ಮನರಂಜನೆಯಲ್ಲಿ ಕಳೆದ ಹತ್ತು ವರ್ಷಗಳಲ್ಲಿ ಆದ ಬದಲಾವಣೆಯೆಲ್ಲ ಈ ಎರಡು ಪದಗಳಲ್ಲಿದೆ. ಅದಕ್ಕೆ ಮೊದಲು ಕಳಿಸಿದಾಗ ಬರುತ್ತಿತ್ತು. ಯಾರು ಕಳಿಸುತ್ತಾರೆ, ಯಾವ ಭಾಷೆಯಲ್ಲಿ ಕಳಿಸುತ್ತಾರೆ, ಯಾವ ಹೊತ್ತಿಗೆ ಕಳಿಸುತ್ತಾರೆ ಎಂಬುದು ನೋಡುವವರ ಕೈಯಲ್ಲಿ ಇರಲಿಲ್ಲ. ಬೇರೆ ಭಾಷೆಯ ಊರಿನಲ್ಲಿ ನೆಲೆಸಿದ ಮನೆಗೆ ಇದರ ಅರ್ಥ ಎಷ್ಟು ಆಳವಾದದ್ದು ಎಂದು ತಿಳಿಯಲು ಚೆನ್ನೈನ ಕನ್ನಡ ಮನೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಪಕ್ಕದಲ್ಲೇ ತಯಾರಾಗಿ, ಮನೆಗೆ ಬಾರದ್ದು

ಮಾಂಬಲದಿಂದ ಲೋಕಲ್ ರೈಲಿನಲ್ಲಿ ಒಂದೇ ಒಂದು ನಿಲ್ದಾಣ ದಾಟಿದರೆ ಕೋಡಂಬಾಕ್ಕಂ. ಕನ್ನಡ ಚಿತ್ರರಂಗ ಬೆಂಗಳೂರಿಗೆ ನೆಲೆ ಬದಲಿಸುವ ಮೊದಲು ದಶಕಗಳ ಕಾಲ ಉಸಿರಾಡಿದ್ದು ಕೋಡಂಬಾಕ್ಕಂ, ವಡಪಳನಿಯ ಸ್ಟುಡಿಯೊಗಳಲ್ಲಿ. ಡಾ. ರಾಜ್‌ಕುಮಾರ್ ನಾಯಕರಾದ 'ಬೇಡರ ಕಣ್ಣಪ್ಪ' (1954) ಇದೇ ಊರಿನ ಎವಿಎಂ ಜೊತೆಗೂಡಿ ತಯಾರಾದ ಚಿತ್ರ. ಶಿವರಾಜ್‌ಕುಮಾರ್ 1962ರಲ್ಲಿ, ಪುನೀತ್ ರಾಜ್‌ಕುಮಾರ್ 1975ರ ಮಾರ್ಚ್ 17ರಂದು ಹುಟ್ಟಿದ್ದು ಈ ಊರಿನಲ್ಲೇ.

ಪುನೀತ್ ಹುಟ್ಟಿದ ಐದೇ ತಿಂಗಳಿಗೆ, 1975ರ ಆಗಸ್ಟ್ 15ರಂದು, ಮದರಾಸು ದೂರದರ್ಶನ ಕೇಂದ್ರ ಆರಂಭವಾಯಿತು. ಟಿ.ವಿ. ಇದ್ದ ಮನೆಯಲ್ಲಿ ಬೀದಿಯೆಲ್ಲ ಸೇರುತ್ತಿತ್ತು. ಶುಕ್ರವಾರ ಸಂಜೆ 'ಒಳಿಯುಂ ಒಲಿಯುಂ' ಎಂಬ ಚಿತ್ರಗೀತೆಯ ಕಾರ್ಯಕ್ರಮ ಬಂದಾಗ ರಸ್ತೆ ಖಾಲಿಯಾಗುತ್ತಿತ್ತು ಎಂದು ಇಲ್ಲಿನ ಹಿರಿಯರು ಈಗಲೂ ಹೇಳುತ್ತಾರೆ. ತಮಿಳು ಮನೆಗಳಿಗೆ ಅದು ಹಬ್ಬ. ಕನ್ನಡ ಮನೆಗಳು ಆ ಹಬ್ಬಕ್ಕೆ ಹೋದ ನೆಂಟರಂತೆ ಕೂತು ನೋಡಿದವು. ಬೆಂಗಳೂರಿನ ದೂರದರ್ಶನ ಕೇಂದ್ರ ಕಣ್ಣು ಬಿಟ್ಟದ್ದು 1981ರ ನವೆಂಬರ್ 1ರಂದು. ಆದರೆ ಗೋಪುರದಿಂದ ಹೊರಟ ಟಿ.ವಿ. ಅಲೆ ಹೆಚ್ಚೆಂದರೆ ನೂರು ಕಿಲೋಮೀಟರಿನ ಆಸುಪಾಸಿಗೆ ತಲುಪುತ್ತದೆ. ಬೆಂಗಳೂರು ಇಲ್ಲಿಂದ ಸುಮಾರು 350 ಕಿ.ಮೀ. ದೂರ. ತಾರಸಿಯ ಮೇಲಿನ ಆಂಟೆನಾವನ್ನು ಯಾವ ದಿಕ್ಕಿಗೆ ತಿರುಗಿಸಿದರೂ ಕನ್ನಡ ಸಿಗುತ್ತಿರಲಿಲ್ಲ. ಬೆಂಗಳೂರಿಗೆ ಹೋಗಿ ಬೃಂದಾವನ್ ಎಕ್ಸ್‌ಪ್ರೆಸ್‌ನಲ್ಲಿ ಮರಳುವವರ ಚೀಲದಲ್ಲಿ ಒಂದೆರಡು ವಿಡಿಯೊ ಕ್ಯಾಸೆಟ್ ಇದ್ದರೆ ಅದೇ ಭಾಗ್ಯ. ಬೀಚ್ ಸ್ಟೇಷನ್ ಎದುರಿನ ಬರ್ಮಾ ಬಜಾರಿನಲ್ಲಿ ವಿಸಿಆರ್ ಸಿಗುತ್ತಿತ್ತು, ಅದರೊಳಗೆ ಹಾಕಲು ಕನ್ನಡ ಸಿಗುತ್ತಿರಲಿಲ್ಲ.

ಆಮೇಲೆ ಕೇಬಲ್ ಬಂತು. 1993ರ ಏಪ್ರಿಲ್ 14ರಂದು ಸನ್ ಟಿವಿ, ಮರುವರ್ಷ ಅದೇ ಸಂಸ್ಥೆಯಿಂದ ಉದಯ ಟಿವಿ. ಕನ್ನಡದ ಮೊದಲ ಖಾಸಗಿ ಉಪಗ್ರಹ ವಾಹಿನಿಯ ಒಡೆತನ ಚೆನ್ನೈನದು. ಅಷ್ಟಾದರೂ ಚೆನ್ನೈನ ಕನ್ನಡ ಮನೆಗೆ ಅದು ತಪ್ಪದೆ ಸಿಗುವ ಭರವಸೆ ಇರಲಿಲ್ಲ. ಕಾರಣ ಸರಳ. ಹಳೆಯ ಕಾಲದ ಕೇಬಲ್ ತಂತಿಯಲ್ಲಿ ಹಾಯುತ್ತಿದ್ದ ಚಾನೆಲ್‌ಗಳಿಗೆ ಒಂದು ಮಿತಿ ಇತ್ತು, ನೂರರ ಒಳಗೇ ಮುಗಿಯುತ್ತಿತ್ತು. ಅಷ್ಟರಲ್ಲಿ ತಮಿಳು, ಇಂಗ್ಲಿಷ್, ಹಿಂದಿ, ಕ್ರೀಡೆ, ಸುದ್ದಿ ಎಲ್ಲ ಹಿಡಿಸಬೇಕು. ಬೀದಿಯಲ್ಲಿ ನಾಲ್ಕು ಕನ್ನಡ ಮನೆ ಇದ್ದರೆ ಅವರಿಗಾಗಿ ಒಂದು ಜಾಗ ಬಿಡಬೇಕೋ ಬೇಡವೋ ಎಂಬುದು ಕೇಬಲ್‌ನವರ ಮರ್ಜಿ. ಮಾವ ತಿಂಗಳ ಹಣ ಕೊಡುವಾಗಲೆಲ್ಲ "ಉದಯ ಹಾಕಪ್ಪ" ಎಂದು ಕೇಳುತ್ತಿದ್ದರು. ಕೆಲವು ತಿಂಗಳು ಬರುತ್ತಿತ್ತು, ಆಮೇಲೆ ಅದೇ ಜಾಗದಲ್ಲಿ ಬೇರೆ ಯಾವುದೋ ಬರುತ್ತಿತ್ತು.

2003ರ ಸೆಪ್ಟೆಂಬರ್ 1ರಂದು, ಹಣ ಕೊಟ್ಟು ನೋಡುವ ಚಾನೆಲ್‌ಗೆ ಸೆಟ್‌ಟಾಪ್ ಬಾಕ್ಸ್ ಇರಲೇಬೇಕೆಂಬ ನಿಯಮ ಜಾರಿಯಾಯಿತು. ನಾಲ್ಕು ಮಹಾನಗರಗಳಿಗೆಂದು ಮಾಡಿದ ಆ ವ್ಯವಸ್ಥೆ ಆಗ ನಿಜವಾಗಿ ಜಾರಿಗೆ ಬಂದದ್ದು ಚೆನ್ನೈನಲ್ಲಿ ಮಾತ್ರ. 2006ರಿಂದ 2011ರವರೆಗೆ ತಮಿಳುನಾಡು ಸರಕಾರ ಒಂದೂವರೆ ಕೋಟಿಗೂ ಹೆಚ್ಚು ಬಣ್ಣದ ಟಿ.ವಿ.ಗಳನ್ನು ಉಚಿತವಾಗಿ ಹಂಚಿತು. 2011ರಲ್ಲಿ ಸರಕಾರದ್ದೇ ಆದ ಅರಸು ಕೇಬಲ್ ತಿಂಗಳಿಗೆ 70 ರೂಪಾಯಿಗೆ ಸಂಪರ್ಕ ಕೊಡತೊಡಗಿತು. ಬಡವರ ಮನೆಗೂ ಟಿ.ವಿ. ಹೊಕ್ಕಿತು, ಒಳ್ಳೆಯದಾಯಿತು. ಆದರೆ 2019ರ ಫೆಬ್ರುವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ಹೊಸ ದರ ಪದ್ಧತಿ ಬಂದು, 100 ಚಾನೆಲ್‌ಗೆ 130 ರೂಪಾಯಿ ಮತ್ತು ತೆರಿಗೆ, ಅದರ ಮೇಲೆ ಬೇಕಾದ ಚಾನೆಲ್‌ಗೆ ಬೇರೆ ಬೇರೆ ಹಣ ಎಂದಾಯಿತು. ಎರಡು ಭಾಷೆಯ ಮನೆ ಎರಡು ಭಾಷೆಯ ಹಣ ತೆರಬೇಕಾಯಿತು. ಅತ್ತೆಯ ಮನೆಯಲ್ಲಿ ಮೊಮ್ಮಕ್ಕಳ ಕಾರ್ಟೂನ್, ಸೊಸೆಯ ತಮಿಳು ಧಾರಾವಾಹಿ, ಮಗನ ಕ್ರಿಕೆಟ್ ಎಲ್ಲ ಲೆಕ್ಕಕ್ಕೆ ಬಂದ ಮೇಲೆ, ಮೊದಲು ಕತ್ತರಿ ಬಿದ್ದದ್ದು ಕನ್ನಡಕ್ಕೆ. "ನನಗೊಬ್ಬಳಿಗೆ ಯಾಕೆ ದುಡ್ಡು ಹಾಕೋದು, ಬಿಡು" ಎಂದು ಅತ್ತೆಯೇ ಹೇಳಿದ್ದರಂತೆ. ಪರಊರಿನಲ್ಲಿ ಮನೆಮಾತು ಹಿಂದೆ ಸರಿಯುವುದು ಹೀಗೆ, ಯಾರೂ ತಳ್ಳದೆ, ಹಿರಿಯರೊಬ್ಬರು ತಾವಾಗಿ ಸರಿದುಕೊಂಡು.

ಕಡಲಿನಿಂದ ಹಾಲ್‌ವರೆಗೆ

ಅಂತರ್ಜಾಲದ ವಿಡಿಯೊ ಈ ಲೆಕ್ಕವನ್ನು ಬುಡದಿಂದ ಬದಲಿಸಿತು. ಅದು ಹೇಗೆಂದು ತಿಳಿಯಲು ಚೆನ್ನೈ ತಕ್ಕ ಊರು, ಏಕೆಂದರೆ ದೇಶಕ್ಕೆ ಅಂತರ್ಜಾಲ ಬರುವ ದೊಡ್ಡ ಬಾಗಿಲುಗಳಲ್ಲಿ ಒಂದು ಇಲ್ಲಿದೆ. 2002ರಲ್ಲಿ ಚೆನ್ನೈಗೂ ಸಿಂಗಪುರಕ್ಕೂ ನಡುವೆ ಕಡಲಡಿಯಲ್ಲಿ ಮೂರು ಸಾವಿರ ಕಿ.ಮೀ. ಮೀರಿದ ಕೇಬಲ್ ಬಂತು. ಆಮೇಲೆ ಇನ್ನೂ ಹಲವು ಬಂದವು. 2020ರ ಆಗಸ್ಟ್‌ನಲ್ಲಿ ಉದ್ಘಾಟನೆಯಾದ, ಅಂಡಮಾನ್ ನಿಕೋಬಾರ್ ದ್ವೀಪಗಳಿಗೆ ಹೋಗುವ ಸುಮಾರು 2,300 ಕಿ.ಮೀ. ಉದ್ದದ ಕೇಬಲ್ ಹೊರಡುವುದೂ ಚೆನ್ನೈನಿಂದಲೇ. ಗಾಜಿನ ಎಳೆಯೊಳಗೆ ಬೆಳಕಿನ ಮಿಣುಕುಗಳಾಗಿ ಮಾಹಿತಿ ಓಡುತ್ತದೆ. ಮರೀನಾದಲ್ಲಿ ಸುಂಡಲ್ ತಿನ್ನುತ್ತಾ ಅಲೆ ನೋಡುವವರಿಗೆ ಅದು ಕಾಣುವುದಿಲ್ಲ.

ಹಾಗೆಂದು ಅತ್ತೆ ನೋಡುವ ಪ್ರತಿಯೊಂದು ಆಟವೂ ಕಡಲು ದಾಟಿ ಬರುತ್ತದೆಂದು ತಿಳಿಯಬೇಕಿಲ್ಲ. ಹೆಚ್ಚು ಜನ ನೋಡುವ ವಿಡಿಯೊಗಳ ನಕಲನ್ನು ದೊಡ್ಡ ಕಂಪನಿಗಳು ಆಯಾ ಊರಿನ ಸಮೀಪದ ಕಂಪ್ಯೂಟರ್‌ಗಳಲ್ಲಿ, ಎಷ್ಟೋ ಸಲ ಇಂಟರ್‌ನೆಟ್ ಕೊಡುವವರ ಕಟ್ಟಡದಲ್ಲೇ, ತುಂಬಿ ಇಟ್ಟಿರುತ್ತವೆ. ಮನೆಗೆ ಬೇಕಾದ ಅಕ್ಕಿಯನ್ನು ದಿನಾ ಗದ್ದೆಯಿಂದ ತರದೆ ಬೀದಿಕೊನೆಯ ಅಂಗಡಿಯಿಂದ ತರುವ ಹಾಗೆ. ಹೀಗೆ ಇಟ್ಟ ವಿಡಿಯೊವನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿರುತ್ತಾರೆ. ಪ್ರತಿ ತುಂಡಿಗೂ ಮಸುಕಿನಿಂದ ಸ್ಫುಟದವರೆಗೆ ಹಲವು ದರ್ಜೆಯ ಪ್ರತಿಗಳಿರುತ್ತವೆ. ನಿಮ್ಮ ಟಿ.ವಿ. ಒಂದು ತುಂಡು ತೋರಿಸುತ್ತಿರುವಾಗಲೇ ಮುಂದಿನದನ್ನು ತರಿಸಿಕೊಳ್ಳುತ್ತದೆ. ಮನೆಯ ಲೈನ್ ವೇಗ ತಗ್ಗಿದರೆ ಕೆಳದರ್ಜೆಯದನ್ನು, ಸರಿಹೋದರೆ ಮೇಲ್ದರ್ಜೆಯದನ್ನು ಆರಿಸುತ್ತದೆ. ಸಂಜೆ ಏಳರ ಹೊತ್ತಿಗೆ ಚಿತ್ರ ಇದ್ದಕ್ಕಿದ್ದಂತೆ ಮಂಜಾಗಿ ಮತ್ತೆ ತಿಳಿಯಾಗುವುದು ಇದೇ ಕಾರಣಕ್ಕೆ. ಟಿ.ವಿ. ಕೆಟ್ಟಿದೆಯೆಂದು ಗಾಬರಿಯಾಗಬೇಕಿಲ್ಲ.

ಕೇಬಲ್ ಕಾಲದಲ್ಲಿ ಎಲ್ಲ ಮನೆಗೂ ಎಲ್ಲ ಚಾನೆಲ್‌ಗಳು ಒಟ್ಟಿಗೆ ಹರಿದು ಬರುತ್ತಿದ್ದವು. ಆದ್ದರಿಂದ ಜಾಗದ ಜಗಳ, ಆದ್ದರಿಂದ ಬಹುಮತದ ಭಾಷೆಗೆ ಗೆಲುವು. ಈಗ ಆ ಮನೆ ಕೇಳಿದ್ದಷ್ಟೇ ಆ ಮನೆಗೆ ಬರುತ್ತದೆ. ಬೀದಿಯಲ್ಲಿ ಕನ್ನಡದ ಮನೆ ಒಂದೇ ಇದ್ದರೂ ಅದರ ಪಾಲಿನ ಚೆಂಡೆ ಅದಕ್ಕೆ ಸಿಗುತ್ತದೆ. ಯಾರ ಚಾನೆಲ್ಲಿನ ಜಾಗವನ್ನೂ ಅದು ಕಿತ್ತುಕೊಳ್ಳುವುದಿಲ್ಲ. ಸಣ್ಣ ಸಂಖ್ಯೆಯವರ ಪಾಲಿಗೆ ಹೊಸ ತಂತ್ರಜ್ಞಾನ ಕೊಟ್ಟ ದೊಡ್ಡ ನ್ಯಾಯ ಇದು.

ಇಷ್ಟಾಗಲು ಬೆಲೆ ಇಳಿಯಬೇಕಿತ್ತು. ಯೂಟ್ಯೂಬ್ 2005ರಲ್ಲಿ ಹುಟ್ಟಿ 2008ರಲ್ಲಿ ಭಾರತಕ್ಕೆಂದು ತನ್ನ ಪುಟ ತೆರೆದಿತ್ತು. 2011ರ ನವೆಂಬರ್‌ನಲ್ಲಿ ಇದೇ ಚೆನ್ನೈನಿಂದ ಹೊರಟ 'ಕೊಲವೆರಿ' ಹಾಡು ಕೆಲವೇ ವಾರಗಳಲ್ಲಿ ಕೋಟಿಗಟ್ಟಲೆ ಸಲ ನೋಡಿಸಿಕೊಂಡಿತು. ಆದರೂ ಒಂದು ಜಿಬಿ ಡೇಟಾಗೆ ಇನ್ನೂರು ಇನ್ನೂರೈವತ್ತು ರೂಪಾಯಿ ಇದ್ದ ಕಾಲದಲ್ಲಿ ಹಾಡು ನೋಡಬಹುದಿತ್ತೇ ಹೊರತು ಸಿನಿಮಾ ನೋಡುವಂತಿರಲಿಲ್ಲ. ಸಾಧಾರಣ ಗುಣಮಟ್ಟದ ವಿಡಿಯೊ ಗಂಟೆಗೆ ಸುಮಾರು 1 ಜಿಬಿ, ಎಚ್‌ಡಿ 3 ಜಿಬಿವರೆಗೆ, 4ಕೆ 7 ಜಿಬಿವರೆಗೆ ತಿನ್ನುತ್ತದೆ. 2016ರ ಸೆಪ್ಟೆಂಬರ್ 5ರಂದು ಜಿಯೋ ಬಂದು ಡೇಟಾ ಬೆಲೆ ನೆಲಕ್ಕಿಳಿದ ಮೇಲೆ ಲೆಕ್ಕ ಬೇರೆಯಾಯಿತು. ಅದರ ಹಿಂದೆಯೇ ದೀಪದ ಕಂಬದಿಂದ ಕಂಬಕ್ಕೆ, ತಾರಸಿಯಿಂದ ತಾರಸಿಗೆ ಫೈಬರ್ ಎಳೆಗಳು ಹಬ್ಬಿದವು. ಅತ್ತೆಯ ಬೀದಿಯಲ್ಲಿ ಅದನ್ನು ಎಳೆದು ತಂದವನು, ಮಾವನಿಂದ ತಿಂಗಳ ಹಣ ಪಡೆಯುತ್ತಿದ್ದ ಕೇಬಲ್‌ನವರ ಮಗ.

ಚಿತ್ರಮಂದಿರ ದಾಟಿ ಬಂದ ಸಿನಿಮಾ

ಸಿನಿಮಾವನ್ನು ನೇರವಾಗಿ ಮನೆಗೆ ತರುವ ಮೊದಲ ದೊಡ್ಡ ಪ್ರಯತ್ನಗಳೂ ಈ ಊರಿನವೇ. 2013ರ ಜನವರಿಯಲ್ಲಿ ಕಮಲ್ ಹಾಸನ್ ತಮ್ಮ 'ವಿಶ್ವರೂಪಂ' ಚಿತ್ರವನ್ನು ಚಿತ್ರಮಂದಿರಕ್ಕಿಂತ ಮೊದಲು 1,000 ರೂಪಾಯಿಗೆ ಡಿಟಿಎಚ್ ಮೂಲಕ ಮನೆಗೆ ಕೊಡಲು ಹೊರಟರು. ಚಿತ್ರಮಂದಿರಗಳವರು ತಿರುಗಿ ಬಿದ್ದರು, ಆ ಯೋಜನೆಯನ್ನು ಕೈಬಿಡಬೇಕಾಯಿತು. 2015ರಲ್ಲಿ ನಿರ್ದೇಶಕ ಚೇರನ್ ತಮ್ಮ ಚಿತ್ರದ ಡಿವಿಡಿಯನ್ನೇ ಮನೆಮನೆಗೆ ತಲುಪಿಸುವ ವ್ಯವಸ್ಥೆ ಕಟ್ಟಿದರು. ಅದೂ ನಿಲ್ಲಲಿಲ್ಲ. ಇಬ್ಬರೂ ಕಂಡದ್ದು ಸರಿಯಾದ ದಾರಿ, ನಡೆದದ್ದು ಸ್ವಲ್ಪ ಬೇಗ.

2020ರಲ್ಲಿ ಕೊರೊನಾ ಚಿತ್ರಮಂದಿರಗಳಿಗೆ ಬೀಗ ಹಾಕಿಸಿತು. ಮೇ 29ರಂದು ಜ್ಯೋತಿಕಾ ನಟಿಸಿದ 'ಪೊನ್‌ಮಗಳ್ ವಂದಾಳ್' ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲಿ ಬಂತು. ಜುಲೈ 17ರಂದು 'ಲಾ', 24ರಂದು 'ಫ್ರೆಂಚ್ ಬಿರಿಯಾನಿ' ಬಂದವು. ಕೊರೊನಾ ಕಾಲದಲ್ಲಿ ಚಿತ್ರಮಂದಿರ ಕಾಣದೆ ನೇರ ಮನೆಗೆ ಬಂದ ಕನ್ನಡ ಚಿತ್ರಗಳ ಸಾಲಿನಲ್ಲಿ ಇವು ಮೊದಲಿನವು. ಎರಡನ್ನೂ ನಿರ್ಮಿಸಿದ್ದು ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಪ್ರೊಡಕ್ಷನ್ಸ್. ಮದರಾಸಿಗೆ ಟಿ.ವಿ. ಬಂದ ವರ್ಷವೇ ಮದರಾಸಿನಲ್ಲಿ ಹುಟ್ಟಿದ ಮಗು, ನಲವತ್ತೈದು ವರ್ಷದ ಮೇಲೆ ಕನ್ನಡ ಚಿತ್ರವನ್ನು ಮದರಾಸಿನ ಕನ್ನಡ ಮನೆಯೊಳಕ್ಕೆ ಬಿಡುಗಡೆಯ ದಿನವೇ ತಂದಿತು. ಅದೇ ವರ್ಷ ನವೆಂಬರ್ 12ರಂದು 'ಸೂರರೈ ಪೋಟ್ರು' ಬಂತು. ನಮ್ಮ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಬದುಕಿನಿಂದ ಸ್ಫೂರ್ತಿ ಪಡೆದ ತಮಿಳು ಚಿತ್ರ ಅದು. ಅದಕ್ಕೆ ಕನ್ನಡದ ಧ್ವನಿಯೂ ಇತ್ತು. ಅತ್ತೆಯ ಮನೆಯಲ್ಲಿ ಅದನ್ನು ಎರಡು ಸಲ ನೋಡಿದರಂತೆ. ಸೊಸೆಗಾಗಿ ತಮಿಳಿನಲ್ಲಿ ಒಮ್ಮೆ, ಅತ್ತೆಗಾಗಿ ಕನ್ನಡದಲ್ಲಿ ಒಮ್ಮೆ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಅಣ್ಣಾ ಸಾಲೈನಲ್ಲಿ 1961ರಲ್ಲಿ ಕಟ್ಟಿದ ಶಾಂತಿ ಚಿತ್ರಮಂದಿರ 2016ರಲ್ಲಿ ಮುಚ್ಚಿತು. ಅಶೋಕ್ ನಗರದ ಉದಯಂ 2024ರಲ್ಲಿ ಬಾಗಿಲು ಹಾಕಿತು. ನೆಲದ ಬೆಲೆ, ಮಲ್ಟಿಪ್ಲೆಕ್ಸ್, ಹೀಗೆ ಕಾರಣಗಳು ಹಲವು, ಮನೆಯ ಪರದೆ ಅವುಗಳಲ್ಲಿ ಒಂದು. ಸಾವಿರ ಜನ ಕತ್ತಲಲ್ಲಿ ಒಟ್ಟಿಗೆ ನಕ್ಕು ಒಟ್ಟಿಗೆ ಅತ್ತ ಆ ಅನುಭವಕ್ಕೆ ಹಾಲ್‌ನ ಸೋಫಾ ಸಾಟಿಯಲ್ಲ ಎಂಬುದನ್ನು ನಾನು ಒಪ್ಪುತ್ತೇನೆ.

ಅಡುಗೆಮನೆಯಲ್ಲಿ, ಪೂಜೆಕೋಣೆಯಲ್ಲಿ

ಸಿನಿಮಾಕ್ಕಿಂತ ಹೆಚ್ಚಾಗಿ ದಿನದಿನದ ಬದುಕಿಗೆ ಬೆರೆತದ್ದು ಯೂಟ್ಯೂಬ್. ಕಾಸರಗೋಡು ಜಿಲ್ಲೆಯ ಬೆದ್ರಡಿಯಿಂದ ಇಬ್ಬರು ಸೋದರರು ನಡೆಸುವ 'ಭಟ್ ಎನ್ ಭಟ್' ಚಾನೆಲ್ಲನ್ನೇ ನೋಡಿ. ತೋಟದಿಂದ ಹಲಸು, ಬಾಳೆ, ಕೆಸುವಿನೆಲೆ ತಂದು ಹೆಚ್ಚಿ, ಒಲೆ ಹಚ್ಚಿ, ಒಗ್ಗರಣೆ ಹಾಕಿ, ಬಾಳೆಲೆಯಲ್ಲಿ ಉಣ್ಣುವುದಷ್ಟೇ ಅದರಲ್ಲಿರುವುದು. ಅಬ್ಬರವಿಲ್ಲ. ಮಲಯಾಳದ ನೆಲದಲ್ಲಿರುವ ಕನ್ನಡದ ಊರೊಂದರ ಅಡುಗೆ, ತಮಿಳಿನ ನೆಲದಲ್ಲಿರುವ ಕನ್ನಡದ ಅಡುಗೆಮನೆಗೆ ಬರುತ್ತದೆ. ಅತ್ತೆಯ ತಮಿಳು ಸೊಸೆ ಪತ್ರೊಡೆ ಮಾಡಲು ಕಲಿತದ್ದು ಅದನ್ನು ನೋಡಿಯೇ. ತಮಿಳುನಾಡಿನ ಪುದುಕೋಟೆ ಜಿಲ್ಲೆಯ ಹಳ್ಳಿಯೊಂದರಲ್ಲಿ ಅಜ್ಜ ಮೊಮ್ಮಕ್ಕಳು ಸೇರಿ 2018ರಲ್ಲಿ ಶುರುಮಾಡಿದ 'ವಿಲೇಜ್ ಕುಕಿಂಗ್ ಚಾನೆಲ್' 2021ರಲ್ಲಿ ಒಂದು ಕೋಟಿ ಚಂದಾದಾರರನ್ನು ದಾಟಿತು. ಸ್ಟುಡಿಯೊ ಇಲ್ಲದೆ, ವಾಹಿನಿಯ ಅಪ್ಪಣೆ ಇಲ್ಲದೆ ಹಳ್ಳಿಯೊಂದು ಲೋಕದ ಮುಂದೆ ನಿಲ್ಲಬಹುದೆಂದು ಇವರು ತೋರಿಸಿದರು.

ಕಳೆದುಹೋಗಬೇಕಿದ್ದದ್ದೂ ಹೀಗೆ ಉಳಿಯುತ್ತಿದೆ. ಯಕ್ಷಗಾನದ ಭಾಗವತ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಅವರಿಗಿನ್ನೂ ಮೂವತ್ತರ ಆಸುಪಾಸು. ಅವರ ಹಾಡುಗಾರಿಕೆ ಅಭಿಮಾನಿಗಳ ಮನೆಯ ಕ್ಯಾಸೆಟ್‌ಗಳಲ್ಲಿ ಬೂಸು ಹಿಡಿಯುತ್ತಿತ್ತು. ಯಾರ್‍ಯಾರೋ ಪುಣ್ಯಾತ್ಮರು ಅದನ್ನು ಅಂತರ್ಜಾಲಕ್ಕೆ ಏರಿಸಿದರು. ಅತ್ತೆಯ ಬೆಳಗಿನ ಕಾಫಿ ಈಗ ಆ ಕಂಠದ ಜೊತೆಗೆ.

ಚೆನ್ನೈನ ಮಾರ್ಗಳಿ ತಿಂಗಳ ಸಂಗೀತೋತ್ಸವದ ಕತೆಯೂ ಇದೇ. 1928ರಲ್ಲಿ ಸ್ಥಾಪನೆಯಾದ ಮ್ಯೂಸಿಕ್ ಅಕಾಡೆಮಿ 2020ರ ಡಿಸೆಂಬರ್‌ನಲ್ಲಿ ಕಛೇರಿಗಳನ್ನು ಅಂತರ್ಜಾಲದಲ್ಲಿ ನಡೆಸಿತು. ನಗರದ ಸಭಾಗಳ ಒಕ್ಕೂಟ 'ಯುವರ್ಸ್ ಟ್ರೂಲಿ ಮಾರ್ಗಳಿ' ಎಂಬ ಹೆಸರಿನಲ್ಲಿ ತನ್ನ ಉತ್ಸವವನ್ನು ಮನೆಗಳಿಗೆ ಕಳಿಸಿತು. ಮಂಡಿನೋವಿನಿಂದ ಸಭಾದ ಮೆಟ್ಟಿಲು ಹತ್ತಲಾರದ ಎಷ್ಟೋ ಹಿರಿಯರು ಆ ವರ್ಷ ಮುಂದಿನ ಸಾಲಿನಲ್ಲೇ ಕೂತು ಕೇಳಿದಂತಾಯಿತು. ಪುರಂದರದಾಸರ ದೇವರನಾಮ ಚೆನ್ನೈನ ವೇದಿಕೆಗಳಲ್ಲಿ ಎಂದೂ ನಿಂತುಹೋಗಿರಲಿಲ್ಲ. ಈಗ ಅದು ಮನೆಯ ಪೂಜೆಕೋಣೆಯ ಮುಂದೆಯೂ ಕೇಳುತ್ತದೆ.

ಕ್ರಿಕೆಟ್ಟಂತೂ ಮನೆಯನ್ನೇ ಇಬ್ಭಾಗ ಮಾಡಿ ಮತ್ತೆ ಒಂದು ಮಾಡುತ್ತದೆ. 2023ರಲ್ಲಿ ಐಪಿಎಲ್ ಪಂದ್ಯಗಳು ಜಿಯೋಸಿನಿಮಾದಲ್ಲಿ ಕನ್ನಡ, ತಮಿಳು ಸೇರಿ ಹನ್ನೆರಡು ಭಾಷೆಗಳ ವಿವರಣೆಯೊಂದಿಗೆ ಉಚಿತವಾಗಿ ಬಂದವು. ಅತ್ತೆಯ ಮಗ ಆರ್‌ಸಿಬಿ, ಮೊಮ್ಮಗ ಚೆನ್ನೈ. 2025ರ ಮಾರ್ಚ್ 28ರಂದು ಚೆಪಾಕ್‌ನಲ್ಲಿ ಆರ್‌ಸಿಬಿ 50 ರನ್ನುಗಳಿಂದ ಗೆದ್ದಿತು. 2008ರ ನಂತರ ಅಲ್ಲಿ ಅದಕ್ಕೆ ಸಿಕ್ಕ ಮೊದಲ ಗೆಲುವು ಅದು. ಮೊದಲ ಇನಿಂಗ್ಸ್ ಕನ್ನಡದಲ್ಲಿ, ಎರಡನೆಯದು ತಮಿಳಿನಲ್ಲಿ ಎಂದು ಅಪ್ಪ ಮಗ ಮೊದಲೇ ಒಪ್ಪಂದ ಮಾಡಿಕೊಂಡಿದ್ದರಂತೆ. ಎರಡು ಭಾಷೆಯ ಮನೆ ಹೀಗೂ ಬಾಳಬಹುದು.

ಒಂದೇ ಮನೆ, ನಾಲ್ಕು ಪರದೆ

ಆದರೆ ಎಲ್ಲ ಸಂಜೆಯೂ ಹಾಗಿರುವುದಿಲ್ಲ. ಸಾಮಾನ್ಯ ದಿನದಲ್ಲಿ ಹಾಲ್‌ನಲ್ಲಿ ಅತ್ತೆಯ ಟಿ.ವಿ., ಕೋಣೆಯಲ್ಲಿ ಮಗನ ಲ್ಯಾಪ್‌ಟಾಪ್, ಅಡುಗೆಮನೆಯ ಕಟ್ಟೆಯ ಮೇಲೆ ಸೊಸೆಯ ಮೊಬೈಲ್, ಹಾಸಿಗೆಯ ಮೇಲೆ ಮೊಮ್ಮಗನ ಟ್ಯಾಬ್. ಒಂದೇ ಟಿ.ವಿ. ಇದ್ದಾಗ ರಿಮೋಟಿಗಾಗಿ ಜಗಳವಾದರೂ ಆಡುತ್ತಿದ್ದರು. ಈಗ ಜಗಳವಿಲ್ಲ, ಮಾತೂ ಇಲ್ಲ. ಕೇಳಿದ್ದೆಲ್ಲ ಸಿಗುವ ಮನೆಯಲ್ಲಿ ಒಬ್ಬರನ್ನೊಬ್ಬರು ಕೇಳುವ ಅಗತ್ಯವೇ ತಪ್ಪಿಹೋಗಿದೆ.

ಇದಕ್ಕೆ ಯಂತ್ರದ ಕೈವಾಡವೂ ಸೇರಿದೆ. ನೀವು ಏನನ್ನು ಹುಡುಕಿದಿರಿ, ಯಾವುದನ್ನು ಎಷ್ಟು ಹೊತ್ತು ನೋಡಿದಿರಿ, ಎಲ್ಲಿ ಬಿಟ್ಟಿರಿ ಎಂಬ ಲೆಕ್ಕವೆಲ್ಲ ಅದರ ಬಳಿ ಇದೆ. ನಿಮ್ಮನ್ನು ಇನ್ನಷ್ಟು ಹೊತ್ತು ಕೂರಿಸುವುದನ್ನೇ ಅದು ಮುಂದಿಡುತ್ತದೆ. ಒಂದು ಮುಗಿದರೆ ಇನ್ನೊಂದು ತಾನಾಗಿ ಶುರು. 2020ರ ಜೂನ್‌ನಲ್ಲಿ ಟಿಕ್‌ಟಾಕ್‌ಗೆ ನಿಷೇಧ ಬಿದ್ದಾಗ ಆ ಜಾಗಕ್ಕೆ ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು, ಅದೂ ಜಗತ್ತಿನಲ್ಲೇ ಮೊದಲು ಭಾರತದಲ್ಲಿ. ಅರ್ಧ ನಿಮಿಷದ ತುಣುಕುಗಳ ಆ ಪ್ರವಾಹಕ್ಕೆ ದಡವೇ ಇಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆಯ ಮುಂದೆ ಕೂರಬಾರದು, ವರ್ಷ ತುಂಬದ ಕೂಸಿಗೆ ಪರದೆಯೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಮೊಬೈಲ್ ತೋರಿಸದೆ ತುತ್ತು ನುಂಗದ ಮಕ್ಕಳನ್ನು ನಾವೆಲ್ಲ ನಮ್ಮ ನೆಂಟರಿಷ್ಟರ ಮನೆಗಳಲ್ಲೇ ಕಂಡಿದ್ದೇವೆ. ಹಿರಿಯರ ಪಾಲಿಗೆ ಅಪಾಯ ಬೇರೆ ಬಗೆಯದು. ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಕಷಾಯ ಕುಡಿಯಿರಿ ಎನ್ನುವ ವಿಡಿಯೊ, ದೇವರ ಚಿತ್ರದೊಂದಿಗೆ ಬಂದರೆ ನಂಬಿಬಿಡುತ್ತಾರೆ.

ಕನ್ನಡಕ್ಕೂ ಈ ಲೆಕ್ಕದಿಂದ ಪೆಟ್ಟಿದೆ. ಕನ್ನಡಿಗರು ಹಲವು ಭಾಷೆ ಬಲ್ಲವರು. ತಮಿಳು, ತೆಲುಗು, ಮಲಯಾಳ, ಹಿಂದಿ ಎಲ್ಲವನ್ನೂ ನೋಡುತ್ತೇವೆ, ಅದು ನಮ್ಮ ಹೆಮ್ಮೆ. ಆದರೆ ನಾವು ತಮಿಳು ನೋಡಿದ ನಿಮಿಷ ತಮಿಳಿನ ಖಾತೆಗೆ, ಹಿಂದಿ ನೋಡಿದ ನಿಮಿಷ ಹಿಂದಿಯ ಖಾತೆಗೆ ಜಮೆಯಾಗುತ್ತದೆ. ಕನ್ನಡದ ಖಾತೆಯಲ್ಲಿ ಕಡಿಮೆ ಕಂಡಷ್ಟೂ ಕಂಪನಿಗಳು ಕನ್ನಡಕ್ಕೆ ಹಾಕುವ ಹಣ ಕಡಿಮೆ. ರಕ್ಷಿತ್ ಶೆಟ್ಟಿ ಮತ್ತು ಗೆಳೆಯರು ಕರಾವಳಿಯ ಕತೆಗಳ 'ಏಕಂ' ಸರಣಿಯನ್ನು ಕೊಳ್ಳುವವರಿಲ್ಲದೆ 2024ರ ಜುಲೈನಲ್ಲಿ ತಮ್ಮದೇ ಜಾಲತಾಣದಲ್ಲಿ ತೆರೆಯಬೇಕಾಯಿತು. ಜೀ5 ತನ್ನ ಕನ್ನಡ ಸರಣಿ 'ಅಯ್ಯನ ಮನೆ' ತಂದದ್ದು 2025ರ ಏಪ್ರಿಲ್‌ನಲ್ಲಿ. ತಮಿಳಿನಲ್ಲಿ 'ಸುಳಲ್' ಬಂದು ಆಗಲೇ ಮೂರು ವರ್ಷ ಸಮೀಪಿಸಿತ್ತು. ಬೀದಿಯ ಕೇಬಲ್‌ನವರು ಅಂದು ಎಣಿಸಿದ್ದು ಮನೆಗಳನ್ನು, ಇಂದಿನ ಕಂಪನಿಗಳು ಎಣಿಸುವುದು ನಿಮಿಷಗಳನ್ನು. ಎಣಿಕೆ ಮಾತ್ರ ತಪ್ಪಿಲ್ಲ.

ಕರೆಂಟು ಹೋದ ಎರಡು ರಾತ್ರಿ

2023ರ ಡಿಸೆಂಬರ್ ಮೊದಲ ವಾರ ಮಿಚಾಂಗ್ ಚಂಡಮಾರುತ ಚೆನ್ನೈಯನ್ನು ಮುಳುಗಿಸಿತು. ಅದಕ್ಕೂ ಮೊದಲು 2016ರ ಡಿಸೆಂಬರ್ 12ರಂದು ವರ್ದಾ ಬಂದಾಗ ಕಡಲಡಿಯ ಕೇಬಲ್ಲಿಗೇ ಏಟು ಬಿದ್ದು ಇಂಟರ್‌ನೆಟ್ ಕುಂಟಿತ್ತು. ಮಿಚಾಂಗ್ ಸಲ ಅತ್ತೆಯ ಬೀದಿಯಲ್ಲಿ ಮೊಣಕಾಲು ಮಟ್ಟ ನೀರು. ಎರಡು ರಾತ್ರಿ ಕರೆಂಟಿಲ್ಲ, ಮೊಬೈಲಿನಲ್ಲಿ ಸಿಗ್ನಲ್ ಇಲ್ಲ. ನಾಲ್ಕು ಪರದೆಗಳೂ ಕಪ್ಪಾಗಿದ್ದವು. ಎಲ್ಲರೂ ಹಾಲ್‌ನಲ್ಲಿ ಮೇಣದಬತ್ತಿಯ ಸುತ್ತ ಸೇರಿದರು. ಮೊಮ್ಮಗ ಚಡಪಡಿಸುವುದನ್ನು ನೋಡಿ ಅತ್ತೆ ಭಸ್ಮಾಸುರನ ಕತೆ ಶುರುಮಾಡಿದರಂತೆ. ನಡುನಡುವೆ ಪದ್ಯ ಹಾಡಿ, ನೆಲಕ್ಕೆ ಕೈ ಬಡಿದು ತಾಳ ಹಾಕಿ, ಮೋಹಿನಿ ತಲೆಯ ಮೇಲೆ ಕೈ ಇಡಿಸುವವರೆಗೂ ಹೇಳಿದರಂತೆ. ಹುಡುಗ ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ಪ್ರಶ್ನೆ ಕೇಳುತ್ತಾ ಕೂತಿದ್ದ. ಮೂರನೆಯ ದಿನ ಕರೆಂಟು ಬಂದಾಗ ಅವನು ಟ್ಯಾಬ್ ಹಿಡಿಯಲಿಲ್ಲ. ಅಜ್ಜಿಯ ರಿಮೋಟ್ ತಂದುಕೊಟ್ಟು, "ಅಜ್ಜಿ, ಆ ಭಸ್ಮಾಸುರನ್ನ ತೋರಿಸು" ಎಂದ.

ಈ ಘಟನೆಯನ್ನು ಅತ್ತೆ ಹೇಳಿದ ದಿನದಿಂದ ನನ್ನ ಮನಸ್ಸಿನಲ್ಲಿ ಒಂದು ಮಾತು ಗಟ್ಟಿಯಾಗಿದೆ. ಯಂತ್ರ ಕೇಳಿದ್ದನ್ನು ತಂದುಕೊಡುತ್ತದೆ. ಏನನ್ನು ಕೇಳಬೇಕೆಂಬ ಆಸೆಯನ್ನು ಹುಟ್ಟಿಸಲು ಮನೆಯಲ್ಲಿ ಮನುಷ್ಯರೇ ಬೇಕು. ಆ ಹುಡುಗ ಅದುವರೆಗೆ ಸಾವಿರ ಸಲ ಆ ಟಿ.ವಿ.ಯ ಮುಂದೆ ಓಡಾಡಿದ್ದ, ಚೆಂಡೆ ಅವನಿಗೆ ಅಜ್ಜಿಯ ಗದ್ದಲವಾಗಿತ್ತು. ಅಜ್ಜಿಯ ಬಾಯಿಂದ ಕತೆ ಕೇಳಿದ ಮೇಲೆ ಅದು ಅವನ ಆಟವಾಯಿತು.

ಚೆನ್ನೈನಲ್ಲಿರಲಿ, ಮುಂಬೈನಲ್ಲಿರಲಿ, ಅಮೆರಿಕದಲ್ಲಿರಲಿ, ಕನ್ನಡ ಮನೆಗಳಿಗೆ ನನ್ನದೊಂದು ವಿನಂತಿ. ಹುಡುಕುವಾಗ ಕನ್ನಡ ಅಕ್ಷರದಲ್ಲಿ ಹುಡುಕಿ, ರಿಮೋಟಿಗೆ ಕನ್ನಡದಲ್ಲೇ ಹೇಳಿ. ಕನ್ನಡದ ಧ್ವನಿ ಇರುವಲ್ಲಿ ಅದನ್ನೇ ಆರಿಸಿ. ಮೆಚ್ಚಿದ ಕನ್ನಡ ಚಾನೆಲ್‌ಗೆ ಚಂದಾದಾರರಾಗಿ, ಒಳ್ಳೆಯ ಕನ್ನಡ ಚಿತ್ರಕ್ಕೆ ಹಣ ಕೊಟ್ಟು ನೋಡಿ, ಕದ್ದ ಪ್ರತಿ ಬೇಡ. ನಿಮ್ಮ ನಿಮಿಷ ಕನ್ನಡದ ಖಾತೆಗೆ ಬೀಳಲಿ. ಒಂದು ಮುಗಿದೊಡನೆ ಇನ್ನೊಂದು ತಾನಾಗಿ ಶುರುವಾಗುವ ಸೌಲಭ್ಯವನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿಬಿಡಿ. ಮಕ್ಕಳಿಗೆ ಬೇರೆ ಪ್ರೊಫೈಲ್ ಮಾಡಿ ಗುಪ್ತಸಂಖ್ಯೆ ಇಡಿ. ಹಿರಿಯರಿಗೆ ಮೈಕಿನ ಗುಂಡಿ ತೋರಿಸಿಕೊಡಿ, ಔಷಧದ ವಿಡಿಯೊ ನಂಬಬೇಡಿ ಎಂದು ಪ್ರೀತಿಯಿಂದ ಹೇಳಿ. ವಾರಕ್ಕೆ ಒಂದು ಸಂಜೆಯಾದರೂ ಮೂರು ಪರದೆ ಆಫ್ ಮಾಡಿ, ಒಂದರ ಮುಂದೆ ಎಲ್ಲರೂ ಕೂತುಕೊಳ್ಳಿ. ಏನು ನೋಡಬೇಕೆಂದು ಆ ದಿನ ಮನೆಯ ಹಿರಿಯರು ಹೇಳಲಿ, ಕತೆಯ ಹಿನ್ನೆಲೆಯನ್ನೂ ಅವರೇ ಹೇಳಲಿ.

ಮಾಂಬಲದ ಮನೆಯಲ್ಲಿ ವಾರದ ಆ ಒಂದು ಸಂಜೆ ಎಂದರೆ ಭಾನುವಾರದ ಸಂಜೆ. ಟಿ.ವಿ. ಹಾಕುವುದು ಈಗ ಮೊಮ್ಮಗನ ಕೆಲಸ. ಮೈಕಿನ ಗುಂಡಿ ಒತ್ತಿ ಅವನು "ಯಕ್ಷಗಾನ" ಎಂದು ಸ್ಪಷ್ಟವಾಗಿ ಹೇಳುತ್ತಾನೆ. ಟಿ.ವಿ.ಗೆ ಮೊದಲ ಸಲಕ್ಕೇ ತಿಳಿಯುತ್ತದೆ.